ತುಗೆಲಾ ಜಲಪಾತ

ತುಗೆಲಾ ಜಲಪಾತವು ದಕ್ಷಿಣ ಆಫ್ರಿಕಾದ ಕ್ವಾಜುಲು-ನಟಾಲ್ ಪ್ರಾಂತ್ಯದಲ್ಲಿ, ಡ್ರೇಕನ್ಸ್‌ಬರ್ಗ್ ಪರ್ವತಶ್ರೇಣಿಯ ಉತ್ತರ ಭಾಗದಲ್ಲಿರುವ ಒಂದು ಋತುಕಾಲಿಕ ಜಲಪಾತ. ರಾಯಲ್ ನಟಾಲ್ ರಾಷ್ಟ್ರೀಯ ಉದ್ಯಾನದಲ್ಲಿ 'ಆಂಫಿಥಿಯೇಟರ್' ಎಂದು ಕರೆಯಲಾಗುವ ಅರ್ಧಚಂದ್ರಾಕಾರದ ಬಂಡೆಗೋಡೆಯ ಅಂಚಿನಿಂದ ತುಗೆಲಾ ನದಿಯು ಐದು ಹಂತಗಳಲ್ಲಿ ಕೆಳಕ್ಕೆ ಧುಮುಕುತ್ತದೆ. ಇದರ ಒಟ್ಟು ಎತ್ತರವು ಬಹುಕಾಲದಿಂದ 948 ಮೀಟರ್ ಎಂದು ದಾಖಲಾಗಿದೆ. ಇದು ಆಫ್ರಿಕಾ ಖಂಡದ ಅತಿ ಎತ್ತರದ ಜಲಪಾತ. ಜಗತ್ತಿನ ಅತಿ ಎತ್ತರದ ಜಲಪಾತವೆಂಬ ಸ್ಥಾನಕ್ಕಾಗಿ ವೆನೆಜುವೆಲಾದ ಏಂಜೆಲ್ ಜಲಪಾತದೊಡನೆ ಇದನ್ನು ಹೋಲಿಸಲಾಗುತ್ತದೆ.

ಈ ಜಲಪಾತವನ್ನು ಕೆಳಗಿನಿಂದಲೂ ಮೇಲಿನಿಂದಲೂ ನೋಡಬಹುದು. ಎರಡಕ್ಕೂ ಒಂದು ದಿನದ ಕಾಲ್ನಡಿಗೆಯ ಮಾರ್ಗಗಳಿವೆ. ಹೀಗಾಗಿ ಡೇರೆ ಹಾಕಿ ತಂಗುವ ಕುಟುಂಬಗಳಿಗೂ ಚಾರಣಿಗರಿಗೂ ಇದು ದಕ್ಷಿಣ ಆಫ್ರಿಕಾದ ಹೆಸರಾಂತ ತಾಣವಾಗಿದೆ. ಆದರೆ ಇಲ್ಲಿಯ ಹವಾಮಾನ ಬೇಗನೆ ಬದಲಾಗುವುದರಿಂದ, ಸುಲಭವೆಂದು ತೋರುವ ಮಾರ್ಗವೂ ಕೆಲವೊಮ್ಮೆ ಅಪಾಯಕಾರಿಯಾಗುತ್ತದೆ.

ಹೆಸರು

'ತುಗೆಲಾ' ಎಂಬುದು ಜುಲು ಭಾಷೆಯ 'ಥುಕೆಲಾ' ಎಂಬ ಪದದ ರೂಪಾಂತರ. ಈ ಪದಕ್ಕೆ 'ಹಠಾತ್' ಅಥವಾ 'ಬೆಚ್ಚಿಬೀಳಿಸುವಂಥದು' ಎಂಬ ಅರ್ಥವನ್ನು ಹೇಳಲಾಗುತ್ತದೆ. ಪರ್ವತಶ್ರೇಣಿಗೆ ಜುಲು ಭಾಷೆಯಲ್ಲಿ 'ಉಖಹ್ಲಾಂಬಾ' ಎಂಬ ಹೆಸರಿದ್ದು, ಅದಕ್ಕೆ 'ಈಟಿಗಳ ತಡೆಗೋಡೆ' ಎಂದರ್ಥ. 'ಡ್ರೇಕನ್ಸ್‌ಬರ್ಗ್' ಎಂಬ ಆಫ್ರಿಕಾನ್ಸ್ ಹೆಸರಿನ ಅರ್ಥ 'ಡ್ರ್ಯಾಗನ್ ಪರ್ವತ'.

ನದಿ ಹುಟ್ಟುವ ಪ್ರಸ್ಥಭೂಮಿಯ ಶಿಖರಕ್ಕೆ 'ಮೊಂಟ್-ಓ-ಸೋರ್ಸ್' ಎಂಬ ಫ್ರೆಂಚ್ ಹೆಸರಿದೆ. 1836ರಲ್ಲಿ ಈ ಪ್ರದೇಶಕ್ಕೆ ಬಂದ ಫ್ರೆಂಚ್ ಮಿಷನರಿಗಳಾದ ಥಾಮಸ್ ಅರ್ಬುಸೆ ಮತ್ತು ಫ್ರಾಂಸ್ವಾ ದೊಮಾ ಅವರು, ಹಲವು ನದಿಗಳು ಇಲ್ಲಿಂದಲೇ ಹೊರಡುವುದನ್ನು ಕಂಡು 'ಉಗಮಗಳ ಬೆಟ್ಟ' ಎಂಬರ್ಥದ ಈ ಹೆಸರನ್ನು ಇಟ್ಟರು. ಸ್ಥಳೀಯ ಬಸೋಥೋ ಜನರು ಇದನ್ನು 'ಫೋಫುಂಗ್' ಎನ್ನುತ್ತಾರೆ. ಅದರ ಅರ್ಥ 'ಈಲ್ಯಾಂಡ್‌ಗಳ ತಾಣ'. ಈಲ್ಯಾಂಡ್ ಎಂಬುದು ಆಫ್ರಿಕಾದ ದೊಡ್ಡ ಗಾತ್ರದ ಒಂದು ಜಿಂಕೆ.

ನದಿಯ ಉಗಮ ಮತ್ತು ಭೂಸ್ವರೂಪ

ಮೊಂಟ್-ಓ-ಸೋರ್ಸ್ ಶಿಖರವು ಸಮುದ್ರಮಟ್ಟದಿಂದ 3,282 ಮೀಟರ್ ಎತ್ತರದಲ್ಲಿದೆ. ಕ್ವಾಜುಲು-ನಟಾಲ್, ಫ್ರೀ ಸ್ಟೇಟ್ ಪ್ರಾಂತ್ಯ ಮತ್ತು ಲೆಸೋಥೋ ದೇಶದ ಗಡಿಗಳು ಇದರ ಆಸುಪಾಸಿನಲ್ಲಿ ಕೂಡುತ್ತವೆ. ಇದು ದಕ್ಷಿಣ ಆಫ್ರಿಕಾದ ಒಂದು ಪ್ರಮುಖ ಜಲವಿಭಾಜಕ. ಇಲ್ಲಿಂದ ಪಶ್ಚಿಮಕ್ಕೆ ಹರಿಯುವ ನೀರು ಆರೆಂಜ್ ನದಿಯ ಮೂಲಕ ಅಟ್ಲಾಂಟಿಕ್ ಸಾಗರವನ್ನು ಸೇರಿದರೆ, ಪೂರ್ವಕ್ಕೆ ಹರಿಯುವ ತುಗೆಲಾ ನದಿಯು ಸುಮಾರು 500 ಕಿಲೋಮೀಟರ್ ಸಾಗಿ ಹಿಂದೂ ಮಹಾಸಾಗರವನ್ನು ಸೇರುತ್ತದೆ.

ಜಲಪಾತದ ನೆತ್ತಿಯಲ್ಲಿ ತುಗೆಲಾ ಒಂದು ದೊಡ್ಡ ನದಿಯಲ್ಲ. ಅದು ಹುಟ್ಟುವ ಸ್ಥಳವು ಬಂಡೆಗೋಡೆಯ ಅಂಚಿನಿಂದ ಕೆಲವೇ ಕಿಲೋಮೀಟರ್ ಹಿಂದಿದೆ. ಆದ್ದರಿಂದ ಹುಲ್ಲುಗಾವಲಿನ ನಡುವೆ ಹರಿದುಬರುವ ಅದು ಒಂದು ಸಣ್ಣ ತೊರೆಯಾಗಿಯೇ ಅಂಚನ್ನು ತಲುಪುತ್ತದೆ. ಮಳೆಯಿಲ್ಲದ ದಿನಗಳಲ್ಲಿ ಆ ತೊರೆಯನ್ನು ಕಲ್ಲಿನಿಂದ ಕಲ್ಲಿಗೆ ಹೆಜ್ಜೆಯಿಟ್ಟು ದಾಟಬಹುದು. ಅಲ್ಲಿಂದ ಕೆಲವು ಹೆಜ್ಜೆಗಳ ಮುಂದೆ ನೆಲವೇ ಕೊನೆಗೊಳ್ಳುತ್ತದೆ.

ಆಂಫಿಥಿಯೇಟರ್ ಗೋಡೆಯ ಉದ್ದ ಸುಮಾರು 5 ಕಿಲೋಮೀಟರ್. ಕಣಿವೆಯ ತಳದಿಂದ ಅದರ ಎತ್ತರ ಸುಮಾರು 1,200 ಮೀಟರ್. ಅದರ ಒಂದು ತುದಿಯಲ್ಲಿ ಸೆಂಟಿನೆಲ್ ಶಿಖರವೂ (3,165 ಮೀಟರ್) ಇನ್ನೊಂದು ತುದಿಯಲ್ಲಿ ಈಸ್ಟರ್ನ್ ಬಟ್ರೆಸ್ ಎಂಬ ಶಿಖರವೂ ನಿಂತಿವೆ. ಈ ಎರಡರ ನಡುವಿನ ಅಂಚಿನಿಂದ ಜಲಪಾತವು ಇಳಿಯುತ್ತದೆ.

ಶಿಲಾರಚನೆ

ಡ್ರೇಕನ್ಸ್‌ಬರ್ಗ್ ಶ್ರೇಣಿಯ ಮೇಲ್ಭಾಗವು ಬಸಾಲ್ಟ್ ಶಿಲೆಯಿಂದಾಗಿದೆ. ಸುಮಾರು 18 ಕೋಟಿ ವರ್ಷಗಳ ಹಿಂದೆ, ಗೊಂಡ್ವಾನ ಎಂಬ ಪುರಾತನ ಮಹಾಖಂಡವು ಒಡೆಯತೊಡಗಿದ ಕಾಲದಲ್ಲಿ, ಭೂಮಿಯ ಬಿರುಕುಗಳಿಂದ ಲಾವಾ ಪದೇಪದೇ ಉಕ್ಕಿ ಹರಿದು ಒಂದರ ಮೇಲೊಂದು ಪದರವಾಗಿ ಹೆಪ್ಪುಗಟ್ಟಿತು. ಈ ಬಸಾಲ್ಟ್‌ನ ಕೆಳಗೆ 'ಕ್ಲಾರೆನ್ಸ್' ಎಂಬ ತಿಳಿಬಣ್ಣದ ಮರಳುಗಲ್ಲಿನ ಪದರವಿದೆ. ಪ್ರಾಚೀನ ಮರುಭೂಮಿಯೊಂದರ ಮರಳು ಗಟ್ಟಿಯಾಗಿ ಈ ಕಲ್ಲು ಉಂಟಾಯಿತು.

ನೀರು ಮತ್ತು ಗಾಳಿಯ ಸವೆತದಿಂದ ಬಸಾಲ್ಟ್‌ನ ಅಂಚು ನಿಧಾನವಾಗಿ ಹಿಂದೆ ಸರಿಯುತ್ತ ಬಂದು ಇಂದಿನ ಕಡಿದಾದ ಗೋಡೆ ರೂಪುಗೊಂಡಿದೆ. ಲಾವಾ ಪದರಗಳೆಲ್ಲವೂ ಒಂದೇ ಗಟ್ಟಿತನದವಲ್ಲ. ಮೆದುವಾದ ಪದರಗಳು ಬೇಗ ಸವೆದು, ಗಟ್ಟಿಯಾದವು ಮೆಟ್ಟಿಲುಗಳಂತೆ ಉಳಿಯುತ್ತವೆ. ಇಂತಹ ಗೋಡೆಯ ಮೇಲೆ ಇಳಿಯುವ ತುಗೆಲಾ ಒಂದೇ ನೆಗೆತದಲ್ಲಿ ಬೀಳದೆ ಐದು ಹಂತಗಳಲ್ಲಿ ಬೀಳುತ್ತದೆ. ಇವುಗಳಲ್ಲಿ ಅತಿ ದೊಡ್ಡ ಹಂತದ ಎತ್ತರ 411 ಮೀಟರ್.

ಎತ್ತರದ ಕುರಿತ ಭಿನ್ನಾಭಿಪ್ರಾಯ

ಏಂಜೆಲ್ ಜಲಪಾತದ ಒಟ್ಟು ಎತ್ತರ 979 ಮೀಟರ್ ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಂಕಿ. ತುಗೆಲಾ ಜಲಪಾತದ 948 ಮೀಟರ್ ಎಂಬ ಹಳೆಯ ಅಂಕಿಯನ್ನು ಸ್ವೀಕರಿಸಿದರೆ ಅದು ಎರಡನೆಯ ಸ್ಥಾನದಲ್ಲಿ ನಿಲ್ಲುತ್ತದೆ. 2016ರಲ್ಲಿ ಚೆಕ್ ದೇಶದ ತಂಡವೊಂದು ಮಾಡಿದ ಅಳತೆಯಲ್ಲಿ ತುಗೆಲಾದ ಎತ್ತರ 983 ಮೀಟರ್ ಎಂದು ಬಂದಿತು. ಈ ಅಂಕಿಯನ್ನು ಒಪ್ಪಿದರೆ ತುಗೆಲಾ ಮೊದಲನೆಯ ಸ್ಥಾನಕ್ಕೆ ಬರುತ್ತದೆ.

ಭಿನ್ನಾಭಿಪ್ರಾಯಕ್ಕೆ ಕಾರಣ ಅಳತೆಯ ನಿಖರತೆ ಮಾತ್ರವಲ್ಲ. ಹಲವು ಹಂತಗಳ ಜಲಪಾತವು ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆ, ಹಂತಗಳ ನಡುವಿನ ಇಳಿಜಾರು ಹರಿವನ್ನು ಲೆಕ್ಕಕ್ಕೆ ಸೇರಿಸಬೇಕೆ ಎಂಬುದೂ ಪ್ರಶ್ನೆಯೇ. ಎಲ್ಲಿಯೂ ತಡೆಯಿಲ್ಲದ ಒಂದೇ ನೆಗೆತವನ್ನಷ್ಟೇ ಲೆಕ್ಕಿಸಿದರೆ 807 ಮೀಟರ್ ನೇರ ಧುಮುಕುವ ಏಂಜೆಲ್ ಜಲಪಾತಕ್ಕೆ ತುಗೆಲಾ ಸಾಟಿಯಲ್ಲ. ನೀರಿನ ಪ್ರಮಾಣದಲ್ಲಿಯೂ ತುಗೆಲಾ ಚಿಕ್ಕದು. ದೂರದಿಂದ ಅದು ಗೋಡೆಯ ಮೇಲಿನ ತೆಳುವಾದ ಬಿಳಿಯ ಗೆರೆಯಂತೆ ಕಾಣುತ್ತದೆ.

ಋತುಮಾನ

ಡ್ರೇಕನ್ಸ್‌ಬರ್ಗ್ ದಕ್ಷಿಣ ಗೋಳಾರ್ಧದಲ್ಲಿರುವುದರಿಂದ ಅಲ್ಲಿಯ ಋತುಗಳು ಭಾರತದ ಋತುಗಳಿಗೆ ಬಹುಮಟ್ಟಿಗೆ ವಿರುದ್ಧವಾಗಿವೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಬೇಸಿಗೆ. ಮಳೆಯೂ ಈ ತಿಂಗಳುಗಳಲ್ಲಿಯೇ ಹೆಚ್ಚು. ಜೂನ್‌ನಿಂದ ಆಗಸ್ಟ್‌ವರೆಗೆ ಚಳಿಗಾಲ.

* ಬೇಸಿಗೆ: ಜಲಪಾತ ತುಂಬಿ ಹರಿಯುವ ಕಾಲ. ಬೆಳಗ್ಗೆ ಆಕಾಶ ನಿರ್ಮಲವಾಗಿದ್ದು ಮಧ್ಯಾಹ್ನದ ಹೊತ್ತಿಗೆ ಗುಡುಗು-ಸಿಡಿಲಿನ ಮಳೆ ಬರುವುದು ಸಾಮಾನ್ಯ. ಹುಲ್ಲುಗಾವಲುಗಳು ಹಸುರಾಗಿರುತ್ತವೆ.
* ಶರತ್ಕಾಲ (ಏಪ್ರಿಲ್-ಮೇ): ಮಳೆ ಕಡಿಮೆಯಾಗಿ ಆಕಾಶ ತಿಳಿಯಾಗಿರುತ್ತದೆ. ಹಿಂದಿನ ಮಳೆಯಿಂದ ಜಲಪಾತದಲ್ಲಿ ನೀರು ಉಳಿದಿರುವುದರಿಂದ ನಡಿಗೆಗೆ ಅನುಕೂಲಕರ ಕಾಲ.
* ಚಳಿಗಾಲ: ಒಣ ಹವೆ. ರಾತ್ರಿಯ ಉಷ್ಣತೆ ಘನೀಭವನ ಬಿಂದುವಿಗಿಂತ ಕೆಳಕ್ಕಿಳಿಯುತ್ತದೆ. ಮೇಲ್ಭಾಗದಲ್ಲಿ ಹಿಮ ಬೀಳುತ್ತದೆ. ಜಲಪಾತದ ಮೇಲಿನ ಹಂತಗಳು ಮಂಜುಗಡ್ಡೆಯ ಕಂಬಗಳಾಗಿ ಹೆಪ್ಪುಗಟ್ಟುವುದುಂಟು.
* ವಸಂತದ ಆರಂಭ (ಆಗಸ್ಟ್ ಕೊನೆ-ಸೆಪ್ಟೆಂಬರ್): ಒಣ ಹುಲ್ಲಿಗೆ ಬೆಂಕಿ ಬೀಳುವ ಅಪಾಯ ಹೆಚ್ಚು. ಜಲಪಾತ ಬಹುತೇಕ ಬತ್ತಿಹೋಗಿರಬಹುದು.

ಶಿಬಿರ ತಾಣಗಳು

ರಾಯಲ್ ನಟಾಲ್ ರಾಷ್ಟ್ರೀಯ ಉದ್ಯಾನದ ಆಡಳಿತವು ಎಜೆಮ್‌ವೆಲೋ ಕೆಜೆಡ್‌ಎನ್ ವೈಲ್ಡ್‌ಲೈಫ್ ಎಂಬ ಪ್ರಾಂತೀಯ ಸಂಸ್ಥೆಗೆ ಸೇರಿದೆ. ಉದ್ಯಾನಕ್ಕೆ ಹತ್ತಿರದ ಪಟ್ಟಣ ಬರ್ಗ್‌ವಿಲ್. ಉದ್ಯಾನದಲ್ಲಿ ಮಹಾಯಿ ಮತ್ತು ರಗ್ಗಡ್ ಗ್ಲೆನ್ ಎಂಬ ಎರಡು ಡೇರೆ ತಾಣಗಳಿವೆ. ಥೆಂಡೆಲೆ ಎಂಬಲ್ಲಿ ಆಂಫಿಥಿಯೇಟರ್‌ಗೆ ಅಭಿಮುಖವಾಗಿ ಕಟ್ಟಿದ ಕುಟೀರಗಳಿವೆ.

ಮಹಾಯಿ ತಾಣವು ತೊರೆಯೊಂದರ ಪಕ್ಕದಲ್ಲಿ, ಮರಗಳ ನಡುವೆ ಇದ್ದು, ಮಕ್ಕಳೊಂದಿಗೆ ಬರುವ ಕುಟುಂಬಗಳು ಇಲ್ಲಿ ತಂಗುವುದು ಹೆಚ್ಚು. ಇಲ್ಲಿಂದ ಕ್ಯಾಸ್ಕೇಡ್ಸ್ ಎಂಬ ಚಿಕ್ಕ ಜಲಧಾರೆಗಳಿಗೂ ಟೈಗರ್ ಜಲಪಾತಕ್ಕೂ ಕಡಿಮೆ ದೂರದ ಕಾಲುದಾರಿಗಳಿವೆ. ದೊಡ್ಡ ನಡಿಗೆಗೆ ಮೊದಲು ಮಕ್ಕಳ ಮತ್ತು ವಯಸ್ಸಾದವರ ಶಕ್ತಿಯನ್ನು ಅರಿಯಲು ಇಂತಹ ಸಣ್ಣ ದಾರಿಗಳು ನೆರವಾಗುತ್ತವೆ.

ಬಬೂನ್ ಕೋತಿಗಳು ಡೇರೆಗಳಿಗೆ ನುಗ್ಗಿ ಆಹಾರವನ್ನು ಒಯ್ಯುವುದುಂಟು. ಆದ್ದರಿಂದ ಆಹಾರವನ್ನು ವಾಹನದೊಳಗೆ ಮುಚ್ಚಿಡಬೇಕಾಗುತ್ತದೆ. ಅವುಗಳಿಗೆ ತಿನಿಸು ಕೊಡುವುದು ತಪ್ಪು. ಮನುಷ್ಯರ ಆಹಾರಕ್ಕೆ ಒಗ್ಗಿಕೊಂಡ ಬಬೂನ್‌ಗಳು ಹೆದರಿಕೆ ಬಿಟ್ಟು ಆಕ್ರಮಣಕಾರಿಯಾಗುತ್ತವೆ. ಡ್ರೇಕನ್ಸ್‌ಬರ್ಗ್ ಪ್ರದೇಶದಲ್ಲಿ ಮಲೇರಿಯಾ ಇಲ್ಲ.

ಚಾರಣ ಮಾರ್ಗಗಳು

ಕಣಿವೆಯ ಮಾರ್ಗ

ಜಲಪಾತವನ್ನು ಕೆಳಗಿನಿಂದ ನೋಡಲು ಹೋಗುವ ದಾರಿಗೆ ತುಗೆಲಾ ಗಾರ್ಜ್ ಮಾರ್ಗ ಎಂದು ಹೆಸರು. ಇದು ಥೆಂಡೆಲೆಯ ಕೆಳಗಿನ ವಾಹನ ನಿಲ್ದಾಣದಿಂದ ಹೊರಡುತ್ತದೆ. ಹೋಗಿಬರಲು ಸುಮಾರು 14 ಕಿಲೋಮೀಟರ್ ನಡೆಯಬೇಕು. ಇದಕ್ಕೆ ಐದರಿಂದ ಆರು ಗಂಟೆ ಹಿಡಿಯುತ್ತದೆ.

ಮಾರ್ಗದ ಬಹುಭಾಗವು ಬೆಟ್ಟದ ಪಕ್ಕೆಯನ್ನು ಅನುಸರಿಸಿ ಹೆಚ್ಚಿನ ಏರಿಳಿತವಿಲ್ಲದೆ ಸಾಗುತ್ತದೆ. ಪ್ರೋಟಿಯಾ ಗಿಡಗಳಿರುವ ಹುಲ್ಲುಗಾವಲನ್ನೂ, ಯೆಲ್ಲೋವುಡ್ ಮರಗಳ ನೆರಳಿನ ಕಾಡನ್ನೂ ದಾಟಿ ಅದು ನದಿಪಾತ್ರಕ್ಕೆ ಇಳಿಯುತ್ತದೆ. ಅಲ್ಲಿಂದ ಮುಂದೆ ದಾರಿ ಕಷ್ಟಕರ. ಬಂಡೆಗಳ ಮೇಲೆ ಹತ್ತಿಳಿಯಬೇಕು. ನದಿಯನ್ನು ದಾಟಬೇಕು. ಕೊನೆಯಲ್ಲಿ ನದಿಯೇ ಕೊರೆದ 'ಸುರಂಗ' ಎಂಬ ಇಕ್ಕಟ್ಟಾದ ಸ್ಥಳವಿದೆ. ನೀರು ಕಡಿಮೆಯಿದ್ದಾಗ ಅದರೊಳಗೆ ನೀರಿನಲ್ಲಿಯೇ ನಡೆಯಬಹುದು. ಇಲ್ಲವೆ ಪಕ್ಕದ ಸರಪಳಿ ಏಣಿಯನ್ನು ಹತ್ತಿ ಮುಂದೆ ಸಾಗಬಹುದು. ಅಲ್ಲಿಂದ ಆಂಫಿಥಿಯೇಟರ್‌ನ ಗೋಡೆಯೂ ಜಲಪಾತದ ಹಂತಗಳೂ ತಲೆಯ ಮೇಲೆ ಕಾಣುತ್ತವೆ.

ಈ ಮಾರ್ಗದ ಒಂದು ಅನುಕೂಲವೆಂದರೆ ಕೊನೆಯವರೆಗೆ ಹೋಗಲೇಬೇಕೆಂಬ ಅಗತ್ಯವಿಲ್ಲದಿರುವುದು. ಕಣಿವೆಯ ದಾರಿಯ ಅನೇಕ ಕಡೆಗಳಿಂದ ಗೋಡೆಯ ನೋಟ ದೊರೆಯುತ್ತದೆ. ಆದ್ದರಿಂದ ಚಿಕ್ಕ ಮಕ್ಕಳಿರುವ ಕುಟುಂಬಗಳು ಕಾಡಿನ ಭಾಗದವರೆಗೆ ಅಥವಾ ನದಿಯ ಮೊದಲ ದಾಟುವಿಕೆಯವರೆಗೆ ಹೋಗಿ ಹಿಂದಿರುಗುವುದು ಸಾಮಾನ್ಯ.

ಸೆಂಟಿನೆಲ್ ಮಾರ್ಗ

ಜಲಪಾತದ ನೆತ್ತಿಗೆ ಹೋಗುವ ದಾರಿ ಫ್ರೀ ಸ್ಟೇಟ್ ಪ್ರಾಂತ್ಯದ ಕಡೆಯಿಂದ, ಸುಮಾರು 2,500 ಮೀಟರ್ ಎತ್ತರದಲ್ಲಿರುವ ಸೆಂಟಿನೆಲ್ ವಾಹನ ನಿಲ್ದಾಣದಿಂದ ಆರಂಭವಾಗುತ್ತದೆ. ಅಲ್ಲಿಗೆ ಫುಥಡಿಟ್ಜಾಬಾ ಪಟ್ಟಣದ ಮೂಲಕ ರಸ್ತೆಯಿದೆ. ಉದ್ಯಾನದ ಡೇರೆ ತಾಣಗಳಿಂದ ಇದು ಬೆಟ್ಟದ ಮತ್ತೊಂದು ಬದಿಯಲ್ಲಿರುವುದರಿಂದ ವಾಹನದಲ್ಲಿ ಬಹುದೂರ ಸುತ್ತಿ ಬರಬೇಕಾಗುತ್ತದೆ.

ದಾರಿಯು ಮೊದಲು ಅಂಕುಡೊಂಕಾಗಿ ಏರಿ, ಅನಂತರ ಸೆಂಟಿನೆಲ್ ಶಿಖರದ ಬುಡವನ್ನು ಬಳಸಿ ಸಾಗುತ್ತದೆ. ಕೊನೆಯ ಬಂಡೆಯನ್ನು ಹತ್ತಲು ಗೋಡೆಗೆ ಬಿಗಿದ ಸರಪಳಿ ಏಣಿಗಳಿವೆ. ಎರಡು ಹಂತಗಳಲ್ಲಿರುವ ಈ ಏಣಿಗಳ ಒಟ್ಟು ಎತ್ತರ ಸುಮಾರು 30 ಮೀಟರ್. ಏಣಿ ಹತ್ತಿದ ಮೇಲೆ ಸುಮಾರು 3,000 ಮೀಟರ್ ಎತ್ತರದ ಪ್ರಸ್ಥಭೂಮಿಯಲ್ಲಿ ನಡೆದು ಜಲಪಾತದ ಅಂಚನ್ನು ತಲುಪಬಹುದು. ಏಣಿ ಹತ್ತಲು ಇಚ್ಛಿಸದವರಿಗೆ ಕಲ್ಲುಗಳಿಂದ ತುಂಬಿದ ಕಡಿದಾದ ಕೊರಕಲೊಂದರ ಮೂಲಕ ಬೇರೆ ದಾರಿಯಿದೆ. ಕೆಲವು ಚಾರಣಿಗರು ಮೇಲೆಯೇ ಡೇರೆ ಹಾಕಿ ರಾತ್ರಿ ಕಳೆದು, ಸೂರ್ಯೋದಯವನ್ನು ನೋಡಿ ಇಳಿಯುತ್ತಾರೆ.

ಈ ಮಾರ್ಗದ ದೂರವು ಕಣಿವೆಯ ಮಾರ್ಗಕ್ಕೆ ಸಮೀಪವಾಗಿದ್ದರೂ ಸ್ವರೂಪ ಬೇರೆ. ಇಲ್ಲಿ ಏಣಿಯನ್ನು ಹತ್ತಿದವರು ಅದೇ ಏಣಿಯಲ್ಲಿ ಅಥವಾ ಕೊರಕಲಿನಲ್ಲಿ ಇಳಿಯಲೇಬೇಕು. ಗಾಳಿ ಹೆಚ್ಚಾದಾಗ ಅಥವಾ ಮೆಟ್ಟಿಲುಗಳ ಮೇಲೆ ಹಿಮ ಕಟ್ಟಿದಾಗ ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ಆದ್ದರಿಂದ ಗುಂಪಿನಲ್ಲಿ ಒಬ್ಬರಿಗಾದರೂ ಎತ್ತರದ ಭಯವಿದ್ದರೆ ಏಣಿಯ ಬುಡದಲ್ಲಿಯೇ ತೀರ್ಮಾನ ಮಾಡುವುದು ಒಳಿತು.

ಅಪಾಯಗಳು ಮತ್ತು ಮುನ್ನೆಚ್ಚರಿಕೆ

ಎರಡೂ ಮಾರ್ಗಗಳಲ್ಲಿ ಮುಖ್ಯ ಅಪಾಯ ಹವಾಮಾನದ್ದು. ಕಣಿವೆಯಲ್ಲಿ ನಡೆಯುವವರ ತಲೆಯ ಮೇಲೆ ಬಿಸಿಲಿದ್ದರೂ ಪ್ರಸ್ಥಭೂಮಿಯಲ್ಲಿ ಮಳೆ ಸುರಿಯುತ್ತಿರಬಹುದು. ಆ ನೀರೆಲ್ಲ ಕಡಿದಾದ ಗೋಡೆಯಿಂದ ಇಳಿದು ಇಕ್ಕಟ್ಟಾದ ಕಣಿವೆಯನ್ನು ಬೇಗನೆ ತುಂಬುತ್ತದೆ. ಬೆಳಗ್ಗೆ ಮೊಣಕಾಲುದ್ದ ನೀರಿನಲ್ಲಿ ದಾಟಿದ ನದಿಯನ್ನು ಮಧ್ಯಾಹ್ನ ದಾಟಲಾಗದೆ ಹೋಗಬಹುದು. ಇಂತಹ ಸಂದರ್ಭದಲ್ಲಿ ನೀರು ಇಳಿಯುವವರೆಗೆ ಎತ್ತರದ ಸ್ಥಳದಲ್ಲಿ ಕಾಯುವುದೇ ಸುರಕ್ಷಿತ ಮಾರ್ಗ. ನೀರಿನ ಬಣ್ಣ ಕದಡುವುದು, ಕಸಕಡ್ಡಿ ತೇಲಿಬರುವುದು ಪ್ರವಾಹದ ಮುನ್ಸೂಚನೆಗಳು.

ಮೇಲಿನ ಪ್ರಸ್ಥಭೂಮಿಯಲ್ಲಿ ಮರಗಳಿಲ್ಲ. ಆದ್ದರಿಂದ ಸಿಡಿಲಿನ ಸಮಯದಲ್ಲಿ ನಿಂತ ಮನುಷ್ಯನೇ ಅತಿ ಎತ್ತರದ ವಸ್ತುವಾಗುತ್ತಾನೆ. ಲೋಹದ ಏಣಿಯ ಮೇಲೆ ಸಿಡಿಲಿನ ಅಪಾಯ ಇನ್ನೂ ಹೆಚ್ಚು. ಮಂಜು ಕವಿದಾಗ ಕೆಲವೇ ಮೀಟರ್ ದೂರದ ಅಂಚೂ ಕಾಣುವುದಿಲ್ಲ. ಆಗ ನಡೆಯುವುದನ್ನು ನಿಲ್ಲಿಸಬೇಕು.

ಸಾಮಾನ್ಯವಾಗಿ ಪಾಲಿಸಬೇಕಾದ ಕ್ರಮಗಳು ಹೀಗಿವೆ:

* ಹೊರಡುವ ಮೊದಲು ಅಲ್ಲಿಯ ಪರ್ವತ ದಾಖಲೆ ಪುಸ್ತಕದಲ್ಲಿ ಹೆಸರು, ಮಾರ್ಗ ಮತ್ತು ಹಿಂದಿರುಗುವ ಸಮಯವನ್ನು ಬರೆಯುವುದು. ತಡವಾದರೆ ಹುಡುಕಲು ಇದೇ ಆಧಾರ. ಹಿಂದಿರುಗಿದ ಮೇಲೆ ಅದನ್ನು ತಿಳಿಸುವುದೂ ಅಷ್ಟೇ ಮುಖ್ಯ.
* ಬೇಸಿಗೆಯಲ್ಲಿ ಮುಂಜಾನೆಯೇ ಹೊರಟು ಮಧ್ಯಾಹ್ನದ ಗುಡುಗು ಮಳೆಗೆ ಮೊದಲು ಹಿಂದಿರುಗುವುದು.
* ಬಿಸಿಲಿದ್ದರೂ ಬೆಚ್ಚನೆಯ ಬಟ್ಟೆ, ಮಳೆಯಂಗಿ, ದೀಪ ಮತ್ತು ಹೆಚ್ಚಿನ ಆಹಾರವನ್ನು ಒಯ್ಯುವುದು.
* ಗುಂಪು ಚದುರದಂತೆ, ಅತಿ ನಿಧಾನವಾಗಿ ನಡೆಯುವವರ ವೇಗಕ್ಕೆ ಎಲ್ಲರೂ ಹೊಂದಿಕೊಳ್ಳುವುದು.
* ಪ್ರಸ್ಥಭೂಮಿಯಲ್ಲಿ ಜಾನುವಾರುಗಳು ಮೇಯುವುದರಿಂದ ತೊರೆಯ ನೀರನ್ನು ಶುದ್ಧೀಕರಿಸಿ ಕುಡಿಯುವುದು.
* ಬೆಟ್ಟದ ಮೇಲೆ ಬೆಂಕಿ ಹಾಕದಿರುವುದು.

ಜೀವಸಂಕುಲ

ಉದ್ಯಾನದ ಕೆಳಭಾಗದಲ್ಲಿ ಹುಲ್ಲುಗಾವಲು, ಪ್ರೋಟಿಯಾ ಗಿಡಗಳು ಮತ್ತು ಕೊರಕಲುಗಳಲ್ಲಿ ನಿತ್ಯಹರಿದ್ವರ್ಣ ಕಾಡಿನ ತುಣುಕುಗಳಿವೆ. ಎತ್ತರಕ್ಕೆ ಹೋದಂತೆ ಗಿಡಮರಗಳು ಮರೆಯಾಗಿ ಕುಳ್ಳನೆಯ ಹುಲ್ಲು ಮತ್ತು ಪೊದೆಗಳು ಉಳಿಯುತ್ತವೆ. ಈಲ್ಯಾಂಡ್, ಗ್ರೇ ರೀಬಕ್, ಮೌಂಟನ್ ರೀಡ್‌ಬಕ್ ಮತ್ತು ಬಬೂನ್ ಇಲ್ಲಿಯ ಪ್ರಾಣಿಗಳಲ್ಲಿ ಕೆಲವು. ಪಫ್ ಆಡರ್ ಮತ್ತು ಬರ್ಗ್ ಆಡರ್ ಎಂಬ ವಿಷದ ಹಾವುಗಳಿವೆ. ಬಂಡೆಗೋಡೆಗಳಲ್ಲಿ ಕೇಪ್ ರಣಹದ್ದು ಮತ್ತು ಗಡ್ಡದ ರಣಹದ್ದುಗಳು ಗೂಡುಕಟ್ಟುತ್ತವೆ. ಆಫ್ರಿಕಾದ ದಕ್ಷಿಣ ಭಾಗದಲ್ಲಿ ಗಡ್ಡದ ರಣಹದ್ದಿನ ನೆಲೆಯು ಲೆಸೋಥೋ ಮತ್ತು ಡ್ರೇಕನ್ಸ್‌ಬರ್ಗ್ ಪರ್ವತಗಳಿಗೆ ಸೀಮಿತವಾಗಿದೆ.

ಇತಿಹಾಸ ಮತ್ತು ಸಂರಕ್ಷಣೆ

ಈ ಪರ್ವತಗಳಲ್ಲಿ ಸಾವಿರಾರು ವರ್ಷಗಳ ಕಾಲ ಬೇಟೆ ಮತ್ತು ಸಂಗ್ರಹಣೆಯಿಂದ ಜೀವಿಸುತ್ತಿದ್ದ ಸಾನ್ ಜನರು ನೆಲೆಸಿದ್ದರು. ಶ್ರೇಣಿಯ ಮರಳುಗಲ್ಲಿನ ಗವಿಗಳಲ್ಲಿ ಅವರು ಬರೆದ ಶಿಲಾಚಿತ್ರಗಳು ಸುಮಾರು 600 ತಾಣಗಳಲ್ಲಿ ಉಳಿದಿದ್ದು, ಅವುಗಳಲ್ಲಿ ಒಟ್ಟು 35,000ದಷ್ಟು ಚಿತ್ರಗಳಿವೆ. ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ಆಫ್ರಿಕಾದಲ್ಲಿ ಶಿಲಾಚಿತ್ರಗಳ ಅತಿ ದೊಡ್ಡ ಸಮೂಹವಿದು. ಈಲ್ಯಾಂಡ್ ಅವರ ಚಿತ್ರಗಳಲ್ಲಿ ಮತ್ತೆಮತ್ತೆ ಕಾಣಿಸಿಕೊಳ್ಳುತ್ತದೆ. 19ನೆಯ ಶತಮಾನದಲ್ಲಿ ವಲಸೆಗಾರರೊಡನೆ ನಡೆದ ಸಂಘರ್ಷ ಮತ್ತು ನೆಲೆ ಕಳೆದುಕೊಂಡ ಕಾರಣಗಳಿಂದ ಸಾನ್ ಸಮುದಾಯವು ಈ ಬೆಟ್ಟಗಳಿಂದ ಕಣ್ಮರೆಯಾಯಿತು. ಚಿತ್ರಗಳನ್ನು ಮುಟ್ಟುವುದರಿಂದ ಮತ್ತು ಅವುಗಳ ಮೇಲೆ ನೀರು ಚಿಮುಕಿಸುವುದರಿಂದ ಬಣ್ಣ ಕೆಡುತ್ತದೆ.

1916ರಲ್ಲಿ ಈ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. 1947ರಲ್ಲಿ ಬ್ರಿಟನ್ನಿನ ದೊರೆ ಆರನೆಯ ಜಾರ್ಜ್ ತನ್ನ ಪತ್ನಿ ಹಾಗೂ ಇಬ್ಬರು ಪುತ್ರಿಯರೊಂದಿಗೆ ಇಲ್ಲಿಗೆ ಬಂದು ತಂಗಿದ ನೆನಪಿಗಾಗಿ ಉದ್ಯಾನದ ಹೆಸರಿಗೆ 'ರಾಯಲ್' ಎಂಬ ಪದ ಸೇರಿತು. ರಾಯಲ್ ನಟಾಲ್ ಇಂದು ಉಖಹ್ಲಾಂಬಾ-ಡ್ರೇಕನ್ಸ್‌ಬರ್ಗ್ ಉದ್ಯಾನದ ಭಾಗ. ಯುನೆಸ್ಕೋ 2000ದಲ್ಲಿ ಈ ಉದ್ಯಾನವನ್ನು ನೈಸರ್ಗಿಕ ಹಾಗೂ ಸಾಂಸ್ಕೃತಿಕ ಮಹತ್ವಗಳೆರಡಕ್ಕಾಗಿ ವಿಶ್ವ ಪರಂಪರೆಯ ತಾಣವೆಂದು ಗುರುತಿಸಿತು. 2013ರಲ್ಲಿ ಲೆಸೋಥೋದ ಸೆಹ್ಲಾಬಥೇಬೆ ರಾಷ್ಟ್ರೀಯ ಉದ್ಯಾನವೂ ಸೇರಿ ಅದಕ್ಕೆ ಮಲೋಟಿ-ಡ್ರೇಕನ್ಸ್‌ಬರ್ಗ್ ಉದ್ಯಾನ ಎಂಬ ಹೆಸರು ಬಂದಿತು.

ಜಲಪಾತದ ಕೆಳಗಿನ ನದಿ

ಜಲಪಾತದಿಂದ ಇಳಿದ ತುಗೆಲಾ ಬಯಲಿಗೆ ಬಂದ ಮೇಲೆ ವುಡ್‌ಸ್ಟಾಕ್ ಜಲಾಶಯವನ್ನು ಸೇರುತ್ತದೆ. ತುಗೆಲಾ-ವಾಲ್ ಯೋಜನೆಯ ಮೂಲಕ ಈ ನದಿಯ ನೀರಿನ ಒಂದು ಭಾಗವನ್ನು ಪಂಪ್‌ಗಳಿಂದ ಪರ್ವತದ ಆಚೆಗೆ ಎತ್ತಿ ಸ್ಟರ್ಕ್‌ಫಂಟೇನ್ ಜಲಾಶಯದಲ್ಲಿ ಸಂಗ್ರಹಿಸಲಾಗುತ್ತದೆ. ಜೊಹಾನೆಸ್‌ಬರ್ಗ್ ಸುತ್ತಲಿನ ನಗರ ಮತ್ತು ಕೈಗಾರಿಕೆಗಳಿಗೆ ನೀರು ಪೂರೈಸುವ ವಾಲ್ ನದಿ ವ್ಯವಸ್ಥೆಗೆ ಇದು ಆಸರೆ. ಇದರೊಂದಿಗೆ ಜೋಡಿಸಿದ ಡ್ರೇಕನ್ಸ್‌ಬರ್ಗ್ ಪಂಪ್ ಶೇಖರಣಾ ವಿದ್ಯುತ್ ಕೇಂದ್ರದ ಸಾಮರ್ಥ್ಯ 1,000 ಮೆಗಾವಾಟ್. ಹೀಗೆ ಪ್ರಕೃತಿ ಕೆಳಕ್ಕೆ ಧುಮುಕಿಸಿದ ನದಿಯ ನೀರನ್ನು ಮನುಷ್ಯ ಅದೇ ಪರ್ವತದ ಮೇಲಕ್ಕೆ ಮರಳಿ ಏರಿಸುತ್ತಾನೆ.

ಭಾರತೀಯರಿಗೂ ಈ ನದಿಗೂ ಒಂದು ಚಾರಿತ್ರಿಕ ಸಂಬಂಧವಿದೆ. ಆಂಗ್ಲೋ-ಬೋಯರ್ ಯುದ್ಧದ ಸಮಯದಲ್ಲಿ, 1899ರ ಡಿಸೆಂಬರ್‌ನಲ್ಲಿ ತುಗೆಲಾ ತೀರದ ಕೊಲೆನ್ಸೊದಲ್ಲಿಯೂ 1900ರ ಜನವರಿಯಲ್ಲಿ ಸ್ಪಿಯೋನ್ ಕಾಪ್ ಬೆಟ್ಟದಲ್ಲಿಯೂ ನಡೆದ ಕದನಗಳಲ್ಲಿ ಗಾಯಗೊಂಡವರನ್ನು ಹೊತ್ತು ಸಾಗಿಸಿದವರಲ್ಲಿ ನಟಾಲ್ ಭಾರತೀಯ ಆಂಬುಲೆನ್ಸ್ ದಳದವರೂ ಇದ್ದರು. ಮೋಹನದಾಸ ಕರಮಚಂದ ಗಾಂಧಿಯವರ ಮುಂದಾಳುತನದಲ್ಲಿ ಕಟ್ಟಲಾದ ಈ ದಳದಲ್ಲಿ ಸುಮಾರು 1,100 ಮಂದಿ ಇದ್ದು, ಅವರಲ್ಲಿ ಬಹುಪಾಲು ಜನರು ಕರಾರು ಕೂಲಿಗಳಾಗಿದ್ದರು.